ಬಾಡು ಬಿಟ್ಟಿರಿ ಸರಿ, ಊಟ ಯಾಕೆ ಬಿಟ್ಟಿರಿ?

ಓದುಗರ ಪತ್ರ: ಮಂಡ್ಯ ತಾಲ್ಲೂಕಿನ ಹಳ್ಳಿಯವಳು ನಾನು. ವಯಸ್ಸು 41. ಹೋದ ಶ್ರಾವಣದಲ್ಲಿ ಮಾಂಸ ಬಿಟ್ಟವಳಿಗೆ ಆಮೇಲೆ ಮತ್ತೆ ತಿನ್ನಲು ಮನಸ್ಸಾಗಲಿಲ್ಲ. ಹರಕೆ ಅಲ್ಲ, ಯಾರ ಬಲವಂತವೂ ಇಲ್ಲ, ಸುಮ್ನೆ ಬೇಡ ಅನ್ನಿಸಿತು. ಯಜಮಾನರು, ಅತ್ತೆ, ಮಗ, ಮಗಳು ಎಲ್ಲರೂ ತಿನ್ನುತ್ತಾರೆ. ನಾನೇ ಮಾಡಿ ಬಡಿಸುತ್ತೇನೆ. ಅಂಥ ದಿನ ನನಗೆ ಅನ್ನ, ಮೊಸರು, ಉಪ್ಪಿನಕಾಯಿ. ಈಗೀಗ ತುಂಬಾ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲೂ ಉದುರುತ್ತಿದೆ. ‘ಬಾಡು ಬಿಟ್ಟಿದ್ದಕ್ಕೇ ಹಿಂಗಾಗಿರೋದು’ ಅಂತಾರೆ ಅತ್ತೆ. ‘ನೀನು ತಿನ್ನದೆ ಇದ್ರೆ ಸಾರಿಗೆ ಉಪ್ಪು-ಖಾರ ಯಾರು ನೋಡ್ತಾರೆ?’ ಅಂತಾರೆ ಯಜಮಾನರು. ಮೊಟ್ಟೆ ತಿನ್ನಬಹುದಾ? ಒಂಬತ್ತನೇ ಕ್ಲಾಸಿನ ಮಗಳು ತಾನೂ ಬಿಡ್ತೀನಿ ಅಂತಿದ್ದಾಳೆ, ಏನು ಹೇಳಲಿ? ಮುಂದೆ ಯುಗಾದಿ ಮರುದಿನದ ಹೊಸತೊಡಕು ಬರುತ್ತೆ, ಅದಾದ ಮೇಲೆ ತಮ್ಮನ ಮದುವೆಯ ಬೀಗರೂಟ. ಅಲ್ಲಿ ಹೇಗೆ ನಿಭಾಯಿಸಲಿ?

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮಾ,

ನಿಮ್ಮ ಪತ್ರದ ಒಂದು ಸಾಲಿಗೆ ಬಂದು ನಿಂತುಬಿಟ್ಟೆ. ‘ಅಂಥ ದಿನ ನನಗೆ ಅನ್ನ, ಮೊಸರು, ಉಪ್ಪಿನಕಾಯಿ.’ ಮನೆಮಂದಿಗೆಲ್ಲ ಮಸಾಲೆ ರುಬ್ಬಿ, ಮುದ್ದೆ ಕಟ್ಟಿ, ಬಿಸಿಬಿಸಿ ಬಡಿಸಿ, ಎಲ್ಲರೂ ಕೈ ತೊಳೆದ ಮೇಲೆ ಆರಿದ ಅನ್ನಕ್ಕೆ ಮೊಸರು ಕಲಸಿಕೊಂಡು ಎದ್ದುಬಿಡುವುದು. ನಿಮ್ಮ ತೊಂದರೆಯ ದೊಡ್ಡ ಪಾಲು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ನೀವು ಬಾಡು ಬಿಟ್ಟಿರಿ, ಅದರ ಜಾಗಕ್ಕೆ ಏನನ್ನೂ ತಂದಿಡಲಿಲ್ಲ. ನಮ್ಮ ಕಡೆ ಗಂಡಸು ಮಾಂಸ ಬಿಟ್ಟರೆ ಅವನಿಗೆ ಅಂತ ಒಲೆಯ ಮೇಲೆ ಬೇರೆ ಸಾರು ಕುದಿಯುತ್ತದೆ. ಹೆಂಗಸು ಬಿಟ್ಟರೆ ಉಪ್ಪಿನಕಾಯಿ ಡಬ್ಬಿ ತೆಗೆಯುತ್ತಾಳೆ. ಯಾರೂ ಹಾಗೆ ಮಾಡು ಅಂತ ಹೇಳಿರುವುದಿಲ್ಲ, ನಾವೇ ಮಾಡಿಕೊಳ್ಳುತ್ತೇವೆ.

ಊಟದ ಮಾತಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ವಿಟಮಿನ್ ಬಿ12, ಜೊತೆಗೆ ಥೈರಾಯ್ಡ್. ಈ ಮೂರರಲ್ಲಿ ಯಾವುದು ಏರುಪೇರಾದರೂ ಸುಸ್ತು, ಏದುಸಿರು, ಕೂದಲು ಉದುರುವುದು ಬರಬಹುದು. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಇದು ಇದೆ. ನಮ್ಮ ರಾಜ್ಯದಲ್ಲೂ ಹತ್ತಿರ ಹತ್ತಿರ ಅರ್ಧ. ಇವರೆಲ್ಲ ಬಾಡು ಬಿಟ್ಟವರೇ? ಅಲ್ಲ. ವಾರಕ್ಕೊಮ್ಮೆ ಎರಡು ಚೂರು ತಿಂದವರೂ ಇದ್ದಾರೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವುದು, ಹೆರಿಗೆ, ಎಲ್ಲರದ್ದೂ ಆದ ಮೇಲೆ ಮಿಕ್ಕಿದ್ದನ್ನು ಉಣ್ಣುವುದು, ಎಲ್ಲ ಸೇರಿ ವರ್ಷಗಟ್ಟಲೆ ಆದದ್ದು ಅದು. ನಿಮ್ಮ ಅತ್ತೆಯವರ ಮಾತು ಪೂರ್ತಿ ಸುಳ್ಳು ಅನ್ನಲಾರೆ. ಆದರೆ ಶ್ರಾವಣಕ್ಕೂ ಮುಂಚೆಯೇ ನಿಮ್ಮ ರಕ್ತ ಕಡಿಮೆ ಇದ್ದಿರಬಹುದು. ಪರೀಕ್ಷೆಯಲ್ಲಿ ಕಡಿಮೆ ಬಂದರೆ ಡಾಕ್ಟರು ಕೊಟ್ಟ ಮಾತ್ರೆ ನುಂಗಿ. ಇಳಿದುಹೋದ ರಕ್ತವನ್ನು ಸೊಪ್ಪಿನ ಪಲ್ಯದಿಂದಲೇ ಏರಿಸುತ್ತೇನೆ ಅಂತ ಹಟ ಮಾಡಬೇಡಿ.

ಈಗ ತಟ್ಟೆಯ ವಿಷಯ.

ನಮ್ಮ ಸೀಮೆಯಲ್ಲಿ ಬಾಡು ದಿನದ ಊಟ ಆಗಿದ್ದು ಯಾವಾಗ ಹೇಳಿ? ಹಬ್ಬ, ಮಾರಿ, ನೆಂಟರು ಬಂದಾಗ. ಮಿಕ್ಕ ದಿನ ಮುದ್ದೆ, ಉಪ್ಸಾರು, ಬಸ್ಸಾರು, ಮಸ್ಸೊಪ್ಪು. ಮಾಂಸ ಬಿಟ್ಟವರು ಹೊಸದಾಗಿ ಕಲಿಯಬೇಕಾದ ಅಡುಗೆ ಇಲ್ಲಿ ಏನೂ ಇಲ್ಲ. ಆದರೆ ಈಚೆಗೆ ಬಸ್ಸಾರಿನಲ್ಲಿ ಕಾಳು ಹುಡುಕಬೇಕಾದ ಹಾಗಾಗಿದೆ. ಸೊಪ್ಪು ಒಂದು ಕಟ್ಟು, ಕಾಳು ಒಂದು ಹಿಡಿ, ಅದು ಐದು ಜನಕ್ಕೆ. ಮುದ್ದೆ ಒಂದೇ ಹೊತ್ತು, ಮಿಕ್ಕ ಹೊತ್ತೆಲ್ಲ ಅನ್ನ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ತಳಿ ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು, ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಅಂಥ ಊರಿನವರೇ ಮುದ್ದೆ ಬಿಟ್ಟು ಮೂರು ಹೊತ್ತು ಅನ್ನ ಉಂಡರೆ ಹೇಗೆ!

ಹಾಗಂತ ರಾಗಿಯನ್ನು ಅಟ್ಟಕ್ಕೇರಿಸುವುದೂ ಬೇಡ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ. 100 ಗ್ರಾಂ ಹಿಟ್ಟಿಗೆ 340 ಮಿಲಿಗ್ರಾಮಿಗೂ ಮೇಲೆ. ಪ್ರೋಟೀನು ಮಾತ್ರ ಬರೀ 7 ಗ್ರಾಂ. ಹುರುಳಿಯಲ್ಲಿ ಅದೇ 100 ಗ್ರಾಮಿಗೆ 21–22 ಗ್ರಾಂ. ನಿಮ್ಮ ತೂಕ 55 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಕೆ.ಜಿ.ಗೆ 0.83 ಗ್ರಾಂ ಪ್ರೋಟೀನು ಬೇಕು ಅನ್ನುತ್ತಾರೆ ಪೋಷಣೆಯ ತಜ್ಞರು, ಅಂದರೆ ದಿನಕ್ಕೆ 45–46 ಗ್ರಾಂ. ಎರಡು ಮುದ್ದೆಗೆ 150 ಗ್ರಾಂ ಹಿಟ್ಟು ಹಿಡಿದರೆ ಸುಮಾರು 11 ಗ್ರಾಂ ಬಂತು. ಒಂದು ಪಾವು ಅಕ್ಕಿಯಲ್ಲಿ ನಿಮ್ಮ ಪಾಲು 100 ಗ್ರಾಂ ಅಂದರೆ 7. ಒಣಗಿದ್ದಾಗ 60 ಗ್ರಾಂ ತೂಗುವಷ್ಟು ಕಾಳಿನಿಂದ 13. ಒಂದು ಹಿಡಿ ಕಡಲೆಬೀಜ 6. ಹಾಲು-ಮೊಸರು ಸೇರಿ 300 ಮಿಲಿಗೆ 10ರ ಹತ್ತಿರ. ಕೂಡಿಸಿ ನೋಡಿ, 47 ಆಯಿತು. ಇದರಲ್ಲಿ ಕಾಳು, ಬೀಜ, ಹಾಲು ತೆಗೆದುಬಿಟ್ಟರೆ ಉಳಿಯುವುದು 18. ನಿಮ್ಮ ಅನ್ನ-ಉಪ್ಪಿನಕಾಯಿ ದಿನದ ಲೆಕ್ಕ ಇದಕ್ಕಿಂತ ಜಾಸ್ತಿ ಏನೂ ಇರಲಿಕ್ಕಿಲ್ಲ. ಇನ್ನೊಂದು ವಿಷಯ. ರಾಗಿ, ಅಕ್ಕಿಯಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಕಾಳಿನಲ್ಲಿ ಜಾಸ್ತಿ. ಹಾಗಾಗಿ ಮುದ್ದೆಗೆ ಕಾಳಿನ ಸಾರು ಅಂತ ಹಿರಿಯರು ಜೋಡಿ ಮಾಡಿದ್ದು ಲೆಕ್ಕಕ್ಕೂ ಸರಿಯಾಗಿಯೇ ಇದೆ.

ಕಬ್ಬಿಣದ ಅಂಶದಲ್ಲಿ ಒಂದು ತೊಡಕಿದೆ. ಮಾಂಸದ ಕಬ್ಬಿಣವನ್ನು ಮೈ ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು, ಸೊಪ್ಪು, ರಾಗಿಯದ್ದು ಅಷ್ಟು ಸುಲಭವಾಗಿ ದಕ್ಕುವುದಿಲ್ಲ, ಅವುಗಳಲ್ಲಿರುವ ಫೈಟೇಟ್ ಅಡ್ಡ ಬರುತ್ತದೆ. ಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟ ಆದ ತಕ್ಷಣ ಕಾಫಿ-ಟೀ ಕುಡಿಯಬೇಡಿ, ಒಂದು ಗಂಟೆಯಾದರೂ ತಡೆಯಿರಿ. ಇದು ಸಣ್ಣ ಮಾತು ಅನ್ನಿಸಬಹುದು. ಆದರೆ ಉಂಡ ಎಲೆ ತೆಗೆಯುವುದಕ್ಕೆ ಮುಂಚೆ ಟೀಗೆ ನೀರಿಡುವ ಮನೆಗಳೇ ಜಾಸ್ತಿ, ಅಲ್ವಾ?

ಇನ್ನು ಬಾಡು ಮಾಡುವ ದಿನ. ‘ಎರಡೆರಡು ಅಡುಗೆ ಯಾರು ಮಾಡ್ತಾರೆ’ ಅನ್ನುವುದು ನಿಮ್ಮ ಮನಸ್ಸಿನಲ್ಲೂ ಇದ್ದೇ ಇರುತ್ತದೆ. ಎರಡು ಅಡುಗೆ ಬೇಡ. ಶನಿವಾರ ಬೆಳಗ್ಗೆ ಒಂದು ಲೋಟ ಹುರುಳಿಯನ್ನೋ ಕಡಲೆಕಾಳನ್ನೋ ನೆನೆಹಾಕಿ ರಾತ್ರಿ ಕಟ್ಟಿಡಿ. ಭಾನುವಾರ ಎಂದಿನಂತೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಗಸಗಸೆ, ಕಾಯಿ, ಧನಿಯಾ ಹಾಕಿ ಮಸಾಲೆ ರುಬ್ಬುತ್ತೀರಲ್ಲ, ಅದು ಬಾಡಿನ ಪಾತ್ರೆಗೆ ಬೀಳುವ ಮೊದಲು ಒಂದು ಸೌಟು ಬೇರೆ ತೆಗೆದಿಡಿ. ಚಿಕ್ಕ ಕುಕ್ಕರಿಗೆ ಎಣ್ಣೆ, ಈರುಳ್ಳಿ, ಮೊಳಕೆ ಕಾಳು, ಒಂದು ಆಲೂಗೆಡ್ಡೆ, ಎರಡು ಬದನೆಕಾಯಿ. ಈರನಗೆರೆ ಬದನೆ ಸಿಕ್ಕರೆ ಇನ್ನೂ ಒಳ್ಳೆಯದು. ಆ ಮಸಾಲೆ ಹಾಕಿ ಕೂಗಿಸಿ. ಬಾಡು ಬಿಟ್ಟವರಿಗೆ ನಾಲಿಗೆ ಕೇಳುವುದು ಮುಕ್ಕಾಲು ಪಾಲು ಈ ಮಸಾಲೆಯನ್ನೇ. ಮಕ್ಕಳೂ ಒಂದು ಸೌಟು ಹಾಕಿಸಿಕೊಂಡಾರು, ನಿಮಗೆ ಉಳಿಯುವಷ್ಟು ಮಾಡಿ. ಅವರೆಕಾಯಿ ಕಾಲದಲ್ಲಂತೂ ಯೋಚನೆಯೇ ಇಲ್ಲ. ಸೊಗಡಿನ ಅವರೆಯ ಹಿತಕಿದ ಬೇಳೆ ಸಾರಿನ ಮುಂದೆ ಬಾಡಿನ ಸಾರನ್ನೂ ಪಕ್ಕಕ್ಕಿಡುವವರನ್ನು ಕಂಡಿದ್ದೇನೆ. ಸೋಯಾ ಚಂಕ್ಸಿನಲ್ಲಿ ಪ್ರೋಟೀನು ತೂಕದ ಅರ್ಧದಷ್ಟಿದೆ, ಅಗ್ಗ, ಬೇಗ ಬೇಯುತ್ತದೆ. ನನಗೆ ಮಾತ್ರ ರಬ್ಬರು ಅಗಿದ ಹಾಗಾಗುತ್ತದೆ. ನಿಮಗೆ ಹಿಡಿಸಿದರೆ ಧಾರಾಳವಾಗಿ ಮಾಡಿಕೊಳ್ಳಿ. ಕಾಳು ಜಾಸ್ತಿಯಾದ ಮೊದಮೊದಲು ಹೊಟ್ಟೆ ಉಬ್ಬರಿಸಬಹುದು. ನೆನೆಸಿದ ನೀರು ಚೆಲ್ಲಿ, ಇಂಗು ಹಾಕಿ, ಅಳತೆ ನಿಧಾನವಾಗಿ ಏರಿಸಿ.

ಉಪ್ಪು-ಖಾರ ನೋಡುವುದು ಯಾರು ಅಂತ ಕೇಳಿದ್ದಾರಲ್ಲ ಯಜಮಾನರು, ಅವರೇ! ಸೌಟಿನಲ್ಲಿ ಒಂಚೂರು ಸಾರು ತೆಗೆದು ಅವರ ಅಂಗೈಗೆ ಬಿಡಿ. ಕಡಿಮೆಯೋ ಜಾಸ್ತಿಯೋ ಹೇಳಲಿ. ಅಡುಗೆಮನೆಗೆ ಅವರು ಬರುವುದಕ್ಕೆ ಒಂದು ನೆಪವೂ ಆಯಿತು.

ಬಿ12 ವಿಷಯ ಸ್ವಲ್ಪ ನಿಧಾನವಾಗಿ ಓದಿ. ಇದು ಸೊಪ್ಪು, ಕಾಳು, ಹಣ್ಣು ಯಾವುದರಲ್ಲೂ ಇಲ್ಲ ಅಂದರೆ ನಡೆದೀತು. ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಮಾತ್ರ ನಂಬುವಷ್ಟು ಸಿಗುತ್ತದೆ. ದಿನಕ್ಕೆ ಬೇಕಾಗುವುದು 2.2 ಮೈಕ್ರೋಗ್ರಾಂ, ಚಿಟಿಕೆಗೂ ಕಡಿಮೆ. ಈಲಿಯಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುತ್ತದೆ. ಅದಕ್ಕೇ ಬಿಟ್ಟ ಕೂಡಲೇ ಏನೂ ಗೊತ್ತಾಗುವುದಿಲ್ಲ. ಎರಡು-ಮೂರು ವರ್ಷ ಆದ ಮೇಲೆ ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಮರೆವು ಶುರುವಾಗಬಹುದು. ನರಕ್ಕೆ ಆದ ಪೆಟ್ಟು ತಡವಾದರೆ ಪೂರ್ತಿ ವಾಸಿ ಆಗದೆಯೂ ಇರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇದು ಇನ್ನೂ ಬೇಗ ಇಳಿಯಬಹುದು, ಅಂಥ ಓದುಗರೂ ಗಮನಿಸಿ.

ಅರ್ಧ ಲೀಟರ್ ಹಾಲಿನಲ್ಲಿ ಹೆಚ್ಚುಕಮ್ಮಿ ಒಂದು ದಿನಕ್ಕಾಗುವಷ್ಟು ಬಿ12 ಇದೆ. ನಿಮ್ಮ ಮನೆಯಲ್ಲಿ ಹಸು ಇದೆಯೋ ಇಲ್ಲವೋ ಬರೆದಿಲ್ಲ. ಆದರೆ ನಿಮ್ಮ ಜಿಲ್ಲೆಯಲ್ಲಿ ನಾನು ನೋಡಿದ ಒಂದು ವಿಚಿತ್ರ ಹೇಳುತ್ತೇನೆ. ಬೆಳಗ್ಗೆ, ಸಂಜೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕುವ ಮನೆಯಲ್ಲೇ ಕುಡಿಯಲು ಹಾಲು ಇರುವುದಿಲ್ಲ. ಕಾಫಿಗೆ ಅಂತ ಒಂದು ಚೊಂಬು ಉಳಿಸಿಕೊಂಡು ಮಿಕ್ಕದ್ದೆಲ್ಲ ಡೈರಿಗೆ. ಬಟವಾಡೆ ದುಡ್ಡಿನ ಕಷ್ಟ ನನಗೂ ಗೊತ್ತು. ಆದರೂ ದಿನಕ್ಕೆ ಅರ್ಧ ಲೀಟರ್ ನಿಮ್ಮ ಹೆಸರಿಗೆ ಒಳಗೆ ಉಳಿಯಲಿ. ಹಾಲಾಗಿ, ಮೊಸರಾಗಿ, ಹೇಗಾದರೂ. ಅದು ಆಗಲ್ಲ ಅಂದರೆ ಬಿ12 ಮಾತ್ರೆ ಇದೆ, ಎಷ್ಟು ದಿನಕ್ಕೊಂದು ಅಂತ ಡಾಕ್ಟರನ್ನೇ ಕೇಳಿ.

ಮೊಟ್ಟೆ ತಿನ್ನಬಹುದಾ? ತಿನ್ನಬೇಕು ಅನ್ನಿಸಿದರೆ ತಿನ್ನಿ. ನೀವು ಯಾರಿಗೂ ಮಾತು ಕೊಟ್ಟಿಲ್ಲ, ಹರಕೆಯೂ ಅಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನು, ಒಂದಿಷ್ಟು ಬಿ12 ಇದೆ. ಮಗಳ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಬೆಳೆಯುವ ವಯಸ್ಸು, ಮುಟ್ಟು ಶುರುವಾಗಿರುವ ಕಾಲ. ಬಿಡ್ತೀನಿ ಅಂದರೆ ಬಯ್ಯಬೇಡಿ, ಶಹಭಾಸ್ ಅಂತಲೂ ಬೆನ್ನು ತಟ್ಟಬೇಡಿ. ಸರ್ಕಾರಿ ಶಾಲೆಯಾದರೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. ಅಲ್ಲಿ ಅವಳು ಮೊಟ್ಟೆಯ ಸಾಲಿನಲ್ಲೇ ಇರಲಿ ಅಂತ ನನ್ನ ಆಸೆ. ಆಗುವುದಿಲ್ಲ ಅಂದರೆ ಕಾಳು, ಹಾಲು, ಕಡಲೆಬೀಜದಲ್ಲಿ ಅವಳ ಪಾಲು ನಿಮ್ಮ ಪಾಲಿಗಿಂತ ದೊಡ್ಡದಾಗಬೇಕು. ಅವಳ ರಕ್ತವನ್ನೂ ನಿಮ್ಮ ಜೊತೆಯಲ್ಲೇ ಪರೀಕ್ಷೆ ಮಾಡಿಸಿ.

ಅತ್ತೆಯವರ ಮಾತಿನ ಹಿಂದೆ ಬರೀ ಆರೋಗ್ಯದ ಚಿಂತೆ ಇದೆಯಾ ಅಂತ ಒಂದು ಸಲ ಯೋಚನೆ ಮಾಡಿ. ಒಕ್ಕಲು ಮನೆಯಲ್ಲಿ ಸೊಸೆ ಬಾಡು ಬಿಟ್ಟರೆ ‘ಐನೋರ ಥರ ಆಗ್ಬಿಟ್ಳು’ ಅಂತ ಆಡಿಕೊಳ್ಳುವವರು ಇರುತ್ತಾರೆ. ನಾವು ತಿನ್ನುವುದನ್ನು ಇವಳು ಕೀಳಾಗಿ ನೋಡ್ತಿದ್ದಾಳಾ ಅನ್ನುವ ಅನುಮಾನ ಹಿರಿಯರಿಗೂ ಬರುತ್ತದೆ. 2024ರ ಡಿಸೆಂಬರಿನಲ್ಲಿ ನಿಮ್ಮ ಮಂಡ್ಯದಲ್ಲೇ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಹಾಕಿಸಬೇಕು ಅಂತ ಎಷ್ಟು ಚರ್ಚೆಯಾಯಿತು ನೆನಪಿದೆಯಲ್ಲ. ಅದರಲ್ಲಿ ಹೊಟ್ಟೆಯ ಮಾತಿಗಿಂತ ಮರ್ಯಾದೆಯ ಮಾತೇ ಜಾಸ್ತಿ ಇತ್ತು, ಮತ್ತು ಆ ಮಾತಿನಲ್ಲಿ ನ್ಯಾಯವೂ ಇತ್ತು. ನೀವು ಮೂಗು ಮುಚ್ಚಿಕೊಂಡು ಬಡಿಸದಿದ್ದರೆ, ಪಾತ್ರೆ ಬೇರೆ ಮಾಡದಿದ್ದರೆ, ಪಿತೃಪಕ್ಷದ ಎಡೆಗೆ ಎಂದಿನಂತೆ ಅಡುಗೆ ಮಾಡಿಕೊಟ್ಟರೆ ಅತ್ತೆಯವರ ಅರ್ಧ ಕೋಪ ಇಳಿಯುತ್ತದೆ. ಮುಂದೊಂದು ದಿನ ಮಾಡುವುದೂ ಕಷ್ಟ ಅನ್ನಿಸಿದರೆ, ಅವತ್ತು ಅದನ್ನೂ ಹೇಳುವ ಹಕ್ಕು ನಿಮಗಿದೆ.

ಹೊಸತೊಡಕು ನಿಮ್ಮದೇ ಮನೆ, ಮಸಾಲೆಯ ಉಪಾಯ ಅಲ್ಲಿಗೆ ಸಾಕು. ಬೀಗರೂಟವೇ ಸ್ವಲ್ಪ ಸೂಕ್ಷ್ಮ. ಎಲೆಯ ಮುಂದೆ ಕೂತ ಮೇಲೆ ಬೇಡ ಬೇಡ ಅಂತ ಕೈ ಅಡ್ಡ ಹಿಡಿದರೆ ಬೀಗರಿಗೆ ನೋವಾಗುತ್ತದೆ. ತಮ್ಮನಿಗೆ ಮೊದಲೇ ಹೇಳಿ. ಬಾಡೂಟದ ಭಟ್ಟರು ಶನಿವಾರ, ಸೋಮವಾರ ‘ವಾರ’ ಮಾಡುವವರಿಗೆ ಅಂತ ಹೇಗೂ ಒಂದು ಅನ್ನ-ಸಾರು ಮಾಡಿರುತ್ತಾರೆ. ಜೊತೆಗೆ ಒಂದು ಕಾಳು ಗೊಜ್ಜು ಮಾಡಿಸು ಅಂತ ಅವನಿಗೆ ಹೇಳಿ. ಪಂಕ್ತಿಯಲ್ಲಿ ಎಲ್ಲರ ಜೊತೆಗೇ ಕೂತು ಉಣ್ಣಿ, ಬೇರೆ ಮೂಲೆ ಹುಡುಕಬೇಡಿ. ಯಾಕೆ ಬಿಟ್ಟೆ ಅಂತ ಕೇಳಿದರೆ ‘ಯಾಕೋ ಸೇರ್ತಿಲ್ಲ’ ಅಂದರೆ ಸಾಕು, ಭಾಷಣ ಬೇಡ. ನಮ್ಮ ಜನ ವಾರ ಹಿಡಿದವರನ್ನು ಯಾವತ್ತೂ ಬಲವಂತ ಮಾಡುವುದಿಲ್ಲ. ನಿಮ್ಮದನ್ನೂ ಏಳು ದಿನದ ವಾರ ಅಂದುಕೊಂಡು ಸುಮ್ಮನಾಗುತ್ತಾರೆ.

ರಕ್ತ ಪರೀಕ್ಷೆಯ ವರದಿ ಬಂದ ಮೇಲೆ ಬರೆಯಿರಿ. ಡಾಕ್ಟರು ಏನಂದರು ಅನ್ನುವುದನ್ನೂ, ಯಜಮಾನರು ಉಪ್ಪು ಸರಿಯಾಗಿ ನೋಡಿದರಾ ಅನ್ನುವುದನ್ನೂ.