ಹೀರೆಕಾಯಿ ಸಿಪ್ಪೆ ಚಟ್ನಿ ನಾರುನಾರಾಗುವುದೇಕೆ?

ಮುಂಬೈಯ ದಾದರ್ ಮಾರ್ಕೆಟ್ಟಿನ ದೋಡ್ಕಾ, ಅಂದರೆ ನಮ್ಮ ಹೀರೆಕಾಯಿ, ಬಲಿತಿದ್ದರೆ ಎಷ್ಟು ರುಬ್ಬಿದರೂ ನಾರು ಹೋಗದು. ಕಾಯಿಯ ಮೇಲಿನ ಉಬ್ಬುಗೆರೆಗೆ, ಅಂದರೆ ಏಣಿಗೆ, ಉಗುರು ಒತ್ತಿದರೆ ಸಲೀಸಾಗಿ ಇಳಿಯಬೇಕು, ಅಂಥದ್ದೇ ಆರಿಸಿ. ಚೆನ್ನಾಗಿ ತೊಳೆದು, ಏಣಿನ ಚೂಪು ಅಂಚನ್ನು ಹೆರೆದು ಬಿಸಾಡಿ, ಆಮೇಲೆ ಸಿಪ್ಪೆ ತೆಗೆಯಿರಿ.

ಒಂದು ಕಪ್ ಸಿಪ್ಪೆಗೆ ಎರಡು ಚಮಚ ಎಣ್ಣೆ. ಸಣ್ಣ ಉರಿಯಲ್ಲಿ 7-8 ನಿಮಿಷ, ಅಂಚು ಕಂದಾಗುವವರೆಗೆ ಹುರಿಯಿರಿ. ಅವಸರ ಮಾಡಿದರೆ ಹಸಿವಾಸನೆ ಉಳಿಯುತ್ತದೆ. ಒಂದು ಚಮಚ ಉದ್ದಿನಬೇಳೆ, ನಾಲ್ಕು ಬ್ಯಾಡಗಿ, ಚಿಟಿಕೆ ಇಂಗು ಬೇರೆಯಾಗಿ ಹುರಿದು, ಗೋಲಿಯಷ್ಟು ಹುಣಸೆ, ಅರ್ಧ ಕಪ್ ತೆಂಗಿನತುರಿ, ಉಪ್ಪು ಹಾಕಿ ರುಬ್ಬಿ. ಸಿಪ್ಪೆ ಕೊನೆಗೆ, ನೀರು ಕಮ್ಮಿ.

ಕತ್ತರಿಸಿದಾಗಲೇ ಒಂದು ಚೂರು ನಾಲಿಗೆಗಿಟ್ಟು ನೋಡಿ. ಕಹಿಯಿದ್ದರೆ ಇಡೀ ಕಾಯಿಯನ್ನೇ ಎಸೆಯಿರಿ: ಅದು ಕುಕುರ್ಬಿಟಾಸಿನ್ ಎಂಬ ಕಹಿ ವಿಷಾಂಶ, ಬೇಯಿಸಿದರೂ ಹೋಗದು, ವಾಂತಿ-ಭೇದಿ ತರಿಸುತ್ತದೆ. ಬೆಲ್ಲ ಹಾಕಿ ಮುಚ್ಚಿಹಾಕಬೇಡಿ.