ಬಂಡೀಪುರದ ರಸ್ತೆಯಲ್ಲಿ ಆನೆ ಕಂಡಾಗ ಕಾರಿಳಿದು ಒಂದು ರೀಲ್ಸ್ ಮಾಡಿಕೊಂಡರೆ ತಪ್ಪೇನು?

ದೂರದಲ್ಲೇ ನಿಂತು, ಕಲ್ಲು ಎಸೆಯದೆ, ಕೂಗದೆ ಒಂದೇ ನಿಮಿಷ ವಿಡಿಯೊ ಮಾಡಿದರೆ ಆನೆಗೇನು ತೊಂದರೆ ಎಂದು ಕೇಳಿದ್ದೀರಿ. ತೊಂದರೆ ಇದೆ. ನಾನು ಗುಂಡ್ಲುಪೇಟೆ ಕಡೆಯವನು, ಊಟಿ ರಸ್ತೆಯಲ್ಲಿ ಆಗಾಗ ಓಡಾಡುವವನು.

ಆನೆ ರಸ್ತೆ ಬದಿಗೆ ಬರುವುದು ಮೇವಿಗೆ. ಕಾಡಿನೊಳಗೆ ಲಾಂಟಾನ ಎಂಬ ಕಳೆ ಪೊದೆ ಹಬ್ಬಿ ಎಷ್ಟೋ ಕಡೆ ಹುಲ್ಲೇ ಇಲ್ಲ. ರಸ್ತೆಯ ಅಕ್ಕಪಕ್ಕ ಪೊದೆ ಸವರಿರುವುದರಿಂದ ಬಿಸಿಲು ಬಿದ್ದು, ಮಳೆಯಾದ ಕೂಡಲೇ ಎಳೆ ಹುಲ್ಲು ಚಿಗುರುತ್ತದೆ. ದಿನಕ್ಕೆ ನೂರು ಕೆ.ಜಿ.ಗೂ ಮೀರಿ ಮೇವು ಬೇಕಾದ ಪ್ರಾಣಿ ಅದನ್ನು ಬಿಟ್ಟು ಎಲ್ಲಿಗೆ ಹೋದೀತು? ಬೇಸಿಗೆಯಲ್ಲಾದರೆ ನೀರಿಗಾಗಿ ರಸ್ತೆ ದಾಟಲೇಬೇಕು. ನಿಮ್ಮದು ಒಂದೇ ಕಾರು ನಿಜ. ಆದರೆ ಒಂದು ನಿಂತರೆ ಹಿಂದೆಯೇ ಹತ್ತು ನಿಲ್ಲುತ್ತವೆ. ತಾಯಿ ದಾಟಿರುತ್ತದೆ, ಮರಿ ಈಚೆ ಉಳಿದಿರುತ್ತದೆ, ನಡುವೆ ಮೊಬೈಲ್ ಹಿಡಿದ ಜನ. ಆ ತಾಯಿಯ ಸಿಟ್ಟು ರೀಲ್ಸ್ ಮಾಡಿದವರ ಮೇಲೇ ತಿರುಗುತ್ತದೆ ಅಂತೇನಿಲ್ಲ. ಅವರು ಹೋಗಿ ಅರ್ಧ ಗಂಟೆಯಾದ ಮೇಲೆ ಬೈಕಿನಲ್ಲಿ ಬರುವ ನಮ್ಮೂರಿನವರ ಮೇಲೆ ತಿರುಗಬಹುದು. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಇದೇ.

ಕಿವಿ ಅಗಲಿಸಿ, ತಲೆಯೆತ್ತಿ ನಿಂತ ಆನೆಯನ್ನು ನೋಡಿ ‘ಪೋಸ್ ಕೊಡ್ತಿದೆ’ ಅನ್ನುತ್ತಾರೆ. ಅದು ಎಚ್ಚರಿಕೆ ಕೊಡುತ್ತಿರುತ್ತದೆ. ಮೇಯುವುದನ್ನು ನಿಲ್ಲಿಸಿ ಸೊಂಡಿಲೆತ್ತಿ ನಿಮ್ಮ ಕಡೆಯ ಗಾಳಿ ಮೂಸಿದರೂ ಅಷ್ಟೇ, ಆಗಲೇ ಅದರ ನೆಮ್ಮದಿ ಕೆಟ್ಟಿದೆ. ಕಣ್ಣು ಕಿವಿಗಳ ನಡುವಿನಿಂದ ಮದಜಲ ಇಳಿದು ಕೆನ್ನೆ ಕಪ್ಪಾಗಿರುವ ಸಲಗವಾದರೆ ಎಚ್ಚರಿಕೆಯನ್ನೂ ಕೊಡದೆ ನುಗ್ಗಬಹುದು. ಓಡಿ ಅದರಿಂದ ತಪ್ಪಿಸಿಕೊಳ್ಳುವುದು ಮನುಷ್ಯರ ಕೈಲಾಗದ ಮಾತು.

2025ರ ಆಗಸ್ಟ್‌ನಲ್ಲಿ ಇದೇ ರಸ್ತೆಯ ಕೆಕ್ಕನಹಳ್ಳದ ಹತ್ತಿರ ಒಬ್ಬರು ಫೋಟೊಗೆಂದು ಇಳಿದಾಗ ಆನೆ ಅಟ್ಟಿಸಿಕೊಂಡು ಬಂತು. ಕೆಳಗೆ ಬಿದ್ದು ಪೆಟ್ಟಾದರೂ ಜೀವ ಉಳಿಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆದರೂ ಇಳಿಯುವವರು ಇಳಿಯುತ್ತಲೇ ಇದ್ದಾರೆ. ಅಟ್ಟಿಸಿಕೊಂಡು ಬಂದ ವಿಡಿಯೊಗೇ ಜಾಸ್ತಿ ವ್ಯೂಸ್ ಅಲ್ಲವೇ? ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಸಂರಕ್ಷಿತ ಕಾಡಿನಲ್ಲಿ ಪ್ರಾಣಿಯನ್ನು ಕೆಣಕುವುದೇ ಅಪರಾಧ, ಮುಟ್ಟಲೇಬೇಕೆಂದಿಲ್ಲ.

ಇನ್ನು ತಿಂಡಿ ಎಸೆಯುವವರು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಹಾಸನೂರಿನ ಸುತ್ತ, ಲಾರಿಗಳಿಂದ ಬಿದ್ದ ಕಬ್ಬಿನ ರುಚಿ ಕಂಡ ಆನೆಗಳು ಈಗ ಲಾರಿಗಳನ್ನೇ ಅಡ್ಡಗಟ್ಟುತ್ತವೆ. ರೀಲ್ಸ್‌ಗಾಗಿ ಬಾಳೆಹಣ್ಣು ಚಾಚಿದರೆ ಇಲ್ಲಿಯ ಆನೆಗೂ ಅದೇ ಪಾಠ. ಹಾಗೆ ವಾಹನ ತಡೆಯಲು ಕಲಿತ ಆನೆಗೆ ‘ಪುಂಡಾನೆ’ ಎಂದು ಹೆಸರಿಟ್ಟು, ಹಿಡಿದು ಸಾಗಿಸಿ ಎಂದು ಒತ್ತಾಯಿಸುವವರೂ ನಾವೇ.

2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಇಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಪ್ರಾಣಿಗಳಿಗೆ ಸಿಗುವ ಬಿಡುವು ಅಷ್ಟೇ. ಹಗಲಲ್ಲಿ ನೀವು ಮಾಡಬಹುದಾದದ್ದು: ಆನೆ ಬದಿಯಲ್ಲಿ ಮೇಯುತ್ತಿದ್ದರೆ ನಿಲ್ಲಿಸದೆ ನಿಧಾನವಾಗಿ ಮುಂದೆ ಹೋಗಿ. ಪಕ್ಕದಲ್ಲಿ ಕೂತವರು ಗಾಜಿನೊಳಗಿಂದಲೇ ವಿಡಿಯೊ ಮಾಡಿಕೊಳ್ಳಲಿ, ಫ್ಲ್ಯಾಶ್ ಬೇಡ. ದಾಟುತ್ತಿದ್ದರೆ ಸಾಕಷ್ಟು ಹಿಂದೆಯೇ, ರಿವರ್ಸ್ ತೆಗೆಯಲು ಜಾಗ ಇಟ್ಟುಕೊಂಡು ನಿಲ್ಲಿ. ಹಾರ್ನ್ ಮಾಡಬೇಡಿ, ಕೊನೆಯ ಮರಿಯೂ ದಾಟಲಿ. ಮುಂದಿನ ಕಾರಿನವರು ಇಳಿದಿದ್ದರೆ ನೀವು ಇಳಿದು ಜಗಳಕ್ಕೆ ಹೋಗಬೇಡಿ. ಗಾಡಿ ನಂಬರ್ ನೋಡಿಕೊಂಡು ಮುಂದಿನ ಚೆಕ್‌ಪೋಸ್ಟ್‌ನಲ್ಲಿ ತಿಳಿಸಿ.