ಯಾರ ಬೆಲೆ, ಯಾರ ಅಪರಾಧ?

ತಂಗಿ,

ಗಾಂಜಾ ಮೇಲಿನ ನಿಷೇಧ ತೆಗೆದರೆ ಅಪರಾಧವೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ ಎನ್ನುವ ನಿಮ್ಮ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ. ಮೊದಲ ಪ್ಯಾರಾ ತುಂಬಾ ಚೆನ್ನಾಗಿದೆ. ಕಲಬುರಗಿ ಕೋರ್ಟಿನ ಹೊರಗೆ, ಮಗನನ್ನು ಪೊಲೀಸ್ ವ್ಯಾನಿನಿಂದ ಯಾವಾಗ ಇಳಿಸುತ್ತಾರೋ ಎಂದು ಕಾಯುತ್ತ ಕೂತ ತಾಯಿ. ಅವಳ ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಅಷ್ಟು ಓದಿ ಹಾಳೆ ಕೆಳಗಿಟ್ಟೆ. ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಯಿತು.

ಎರಡನೇ ಪ್ಯಾರಾದಲ್ಲಿ ಸಿಟ್ಟು ಬಂತು. ಇಷ್ಟು ಚೆನ್ನಾಗಿ ನೋಡಬಲ್ಲವರು ಹೀಗೇಕೆ ಬರೆದರು ಅನ್ನುವ ಸಿಟ್ಟು. ಉಳಿದದ್ದೆಲ್ಲ ಇರಲಿ, ಅಲ್ಲಿನ ಮೂರೇ ಸಾಲು ಹಿಡಿದುಕೊಳ್ಳುತ್ತೇನೆ.

‘ಅಮೆರಿಕದಲ್ಲಿ ಗಾಂಜಾ ಕಾನೂನುಬದ್ಧವಾದ ಮೇಲೆ ಅಪರಾಧ ಕಡಿಮೆಯಾಗಿದೆ ಎಂದು ಹೇಳಲಾಗುತ್ತದೆ.’

ಯಾರು ಹೇಳಿದ್ದು? ‘ಹೇಳಲಾಗುತ್ತದೆ’ ಅಂದ ಕೂಡಲೇ ಹೇಳಿದವರು ಮಾಯವಾಗುತ್ತಾರೆ. ಅಮೆರಿಕ ಎಂದರೆ ಯಾವ ಅಮೆರಿಕ? ಕೊಲರಾಡೊ ರಾಜ್ಯದ ಜನ 2012ರಲ್ಲಿ ಕಾನೂನುಬದ್ಧವಾಗಲಿ ಎಂದು ಮತ ಹಾಕಿದರು, 2014ರ ಜನವರಿಯಲ್ಲಿ ಅಂಗಡಿ ತೆರೆದವು. ಆದರೆ ಅಲ್ಲಿನ ಕೇಂದ್ರ ಸರ್ಕಾರದ ಕಾನೂನು ನಿಷೇಧವನ್ನು ತೆಗೆದಿಲ್ಲ. ಇದನ್ನು ಬರೆಯಲು ಎರಡು ಸಾಲು ಸಾಕಿತ್ತು.

ಇನ್ನು ‘ಅಪರಾಧ’. ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡ ಹುಡುಗನದೂ ಅಪರಾಧ. ದುಡ್ಡಿಗಾಗಿ ಬೈಕ್ ಕದ್ದವನದೂ ಅಪರಾಧ. ಲಾರಿಗಟ್ಟಲೆ ಸಾಗಿಸುವವನದೂ ಅಪರಾಧ. ಕಾನೂನು ಬದಲಾದರೆ ಮೊದಲನೆಯದು ಅವತ್ತೇ ಲೆಕ್ಕದಿಂದ ಹೋಗುತ್ತದೆ. ಹುಡುಗ ಬದಲಾಗಿರುವುದಿಲ್ಲ, ಪೊಲೀಸ್ ಠಾಣೆಯ ಪುಸ್ತಕ ಬದಲಾಗಿರುತ್ತದೆ. ಅದು ಸಣ್ಣ ಸಂಗತಿ ಅಲ್ಲ, ಆ ತಾಯಿಗೆ ಅದೇ ಎಲ್ಲ. ಆದರೆ ಉಳಿದ ಎರಡೂ ಅದರ ಜೊತೆಗೇ ಇಳಿದವು ಎಂದು ಬರೆಯುವ ಹಾಗಿಲ್ಲ. ನೀವು ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ.

‘ಮುಕ್ತ ಮಾರುಕಟ್ಟೆ ಬಂದರೆ ಬೆಲೆ ಸಹಜವಾಗಿಯೇ ಕುಸಿಯುತ್ತದೆ.’

ಈ ಸಾಲು ನನ್ನನ್ನು ಬಹಳ ಹಿಂದಕ್ಕೆ ಕರೆದುಕೊಂಡು ಹೋಯಿತು. ನಾನು ಇಲ್ಲಿನ ಒಂದು ಪತ್ರಿಕೆಯಲ್ಲಿ ಪೇಟೆ ಧಾರಣೆ ಬರೆಯಲು ಸೇರಿದ ಹೊಸತು. ‘ತೊಗರಿ ಬೆಲೆ ಕುಸಿತ’ ಎಂದು ತಲೆಬರಹ ಕೊಟ್ಟು ಹಾಳೆ ಮುಂದಿಟ್ಟೆ. ಹಿರಿಯ ಉಪಸಂಪಾದಕರು ಕನ್ನಡಕ ಮೇಲೆತ್ತಿ, “ಯಾವ ರೇಟೋ ತಮ್ಮಾ? ಗಂಜದಾಗಿಂದೋ, ಕಿರಾಣಿ ಅಂಗಡ್ಯಾಗಿಂದೋ?” ಎಂದರು. ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ಹತ್ತಿ ಗಂಜಿಗೆ, ಅಂದರೆ ಕಾಳುಕಡಿಯ ಸಗಟು ಪೇಟೆಯಾದ ನೆಹರು ಗಂಜಿಗೆ ಹೋದೆ. ಅಡತ್ ಅಂಗಡಿ ಮುಂದೆ ರಾಶಿ. ಒಬ್ಬ ರೈತ ಬೊಗಸೆಯಲ್ಲಿ ತೊಗರಿ ಹಿಡಿದು ಸುಮ್ನೆ ನಿಂತಿದ್ದ. ಅವನ ರೇಟು ಬಿದ್ದಿತ್ತು. ಬರುವಾಗ ಕಿರಾಣಿ ಅಂಗಡಿಯಲ್ಲಿ ಬೇಳೆ ಕೇಳಿದೆ. ಹೋದ ವಾರದ್ದೇ ರೇಟು. ಅವತ್ತಿನಿಂದ ‘ಬೆಲೆ’ ಅನ್ನುವ ಪದವನ್ನು ಒಂಟಿಯಾಗಿ ಬರೆಯಲು ನನಗೆ ಕೈ ಬರುವುದಿಲ್ಲ.

ಗಾಂಜಾಕ್ಕೂ ಎರಡು ರೇಟು ಇವೆ. ಬೆಳೆದವನದೊಂದು, ಸೇದುವವನದೊಂದು. ನಡುವೆ ಇರುವುದು ಭಯದ ಬಾಡಿಗೆ. ನಮ್ಮ ಜಿಲ್ಲೆಯದೇ ಉದಾಹರಣೆ ಇತ್ತಲ್ಲ, ಅದನ್ನು ಹೇಗೆ ಬಿಟ್ಟಿರಿ? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರಿಗೆ ಆಟೋ ಚಾಲಕನೊಬ್ಬನ ಹತ್ತಿರ ಎರಡು ಕಿಲೋ ಚಿಲ್ಲರೆ ಗಾಂಜಾ ಸಿಕ್ಕಿತು. ಆ ಜಾಡು ಹಿಡಿದು ಬಂದವರಿಗೆ ಕಾಳಗಿ ತಾಲೂಕಿನ ಕುರಿ ಫಾರ್ಮಿನಲ್ಲಿ, ನೆಲದೊಳಗೆ ಬಚ್ಚಿಟ್ಟ 1,350 ಕಿಲೋ ಸಿಕ್ಕಿತು. ಮಾಲು ಒಡಿಶಾದಿಂದ ಬಂದಿತ್ತು. ಅಷ್ಟು ದೂರದ ಸಾಗಣೆ, ತೋಡಿದ ಗುಂಡಿ, ಸಿಕ್ಕಿಬಿದ್ದರೆ ಜೈಲು, ಎಲ್ಲವೂ ಪೊಟ್ಟಣದ ರೇಟಿನಲ್ಲಿ ಸೇರಿರುತ್ತವೆ. ಕಾನೂನು ಬದಲಾದರೆ ಈ ಬಾಡಿಗೆ ಹೋಗುತ್ತದೆ, ನಿಜ. ಅದರ ಜಾಗಕ್ಕೆ ತೆರಿಗೆ ಬರುತ್ತದೆ, ಲೈಸೆನ್ಸ್ ಬರುತ್ತದೆ. ಅವು ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ.

‘ಆಗ ಕಳ್ಳಸಾಗಣೆ ತಾನಾಗಿಯೇ ನಿಲ್ಲುತ್ತದೆ.’

ತಾನಾಗಿ ಏನೂ ನಿಲ್ಲುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2018ರಿಂದ ಅಂಗಡಿಗಳಿವೆ. ತೆರಿಗೆ ಜಾಸ್ತಿ. ಎಷ್ಟೋ ಊರುಗಳು ನಮ್ಮಲ್ಲಿ ಅಂಗಡಿಯೇ ಬೇಡ ಎಂದವು. ಕಳ್ಳ ಮಾಲು ಇನ್ನೂ ಓಡುತ್ತಿದೆ. ಕೆನಡಾ 2018ರ ಅಕ್ಟೋಬರ್ 17ರಂದು ಬಾಗಿಲು ತೆರೆದಾಗ ಅಂಗಡಿಯ ಮಾಲೇ ದುಬಾರಿ ಇತ್ತು. ರೇಟು ಇಳಿದು, ಅಂಗಡಿಗಳು ಹೆಚ್ಚಾದ ಮೇಲೆ ಗಿರಾಕಿಗಳು ನಿಧಾನವಾಗಿ ಅತ್ತ ಹೊರಳಿದರು. ಉರುಗ್ವೆ 2013ರಲ್ಲೇ ಕಾನೂನು ಮಾಡಿತು, 2017ರಿಂದ ಔಷಧಿ ಅಂಗಡಿಯಲ್ಲಿ ಸರ್ಕಾರ ಗೊತ್ತು ಮಾಡಿದ ರೇಟಿಗೆ ಮಾರುತ್ತಿದೆ. ಮೂರು ಕಡೆ, ಮೂರು ದಾರಿ. ನಿಮ್ಮ ‘ತಾನಾಗಿಯೇ’ ಈ ಮೂರನ್ನೂ ನುಂಗಿದೆ.

ನಿಮ್ಮ ವಾದ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಣ್ಣ ಪೊಟ್ಟಣಕ್ಕೆ ಜೈಲು ಬೇಡ ಎಂಬುದು ನನ್ನ ಮಾತೂ ಹೌದು. ಅದಕ್ಕೇ ಈ ಲೇಖನ ಗಟ್ಟಿಯಾಗಿ ನಿಲ್ಲಬೇಕು ಅನ್ನುವ ಆಸೆ.

ಒಂದು ಕೆಲಸ ಮಾಡಿ. ಮತ್ತೆ ಆ ತಾಯಿಯ ಹತ್ತಿರ ಹೋಗಿ. ಮಗನ ಹತ್ತಿರ ಸಿಕ್ಕಿದ್ದು ಎಷ್ಟು ಎಂದು ನೀವು ಎಲ್ಲೂ ಬರೆದಿಲ್ಲ. ನಮ್ಮ ಮಾದಕ ವಸ್ತುಗಳ ಕಾನೂನು, 1985ರ ಎನ್‌ಡಿಪಿಎಸ್ ಕಾಯ್ದೆ, ನಡೆಯುವುದೇ ತೂಕದ ಮೇಲೆ. ಒಂದು ಕಿಲೋ ಒಳಗಿದ್ದರೆ ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅದು ದಾಟಿದರೆ ಹತ್ತು ವರ್ಷದವರೆಗೆ ಹೋಗಬಹುದು. ಇಪ್ಪತ್ತು ಕಿಲೋ ಮೇಲಾದರೆ ಹತ್ತು ವರ್ಷಕ್ಕೆ ಕಡಿಮೆಯೇ ಇಲ್ಲ, ಜಾಮೀನೂ ಕಷ್ಟ. ಅವಳು ಎಷ್ಟು ದಿನ ರೊಟ್ಟಿ ಕಟ್ಟಬೇಕು ಅನ್ನುವುದು ಆ ತೂಕದಲ್ಲಿದೆ. ಪಂಚನಾಮೆಯಲ್ಲಿ ಎಷ್ಟು ಗ್ರಾಂ ಎಂದು ಬರೆದಿದ್ದಾರೆ, ವಕೀಲರನ್ನು ಕೇಳಿ. ಪೊಟ್ಟಣಕ್ಕೆ ಎಷ್ಟು ಕೊಟ್ಟಿದ್ದ, ಹುಡುಗನನ್ನೇ ಕೇಳಿಸಿ. ಅದನ್ನು ಮೊದಲ ಪ್ಯಾರಾದಲ್ಲೇ, ರೊಟ್ಟಿಯ ಪಕ್ಕದಲ್ಲೇ ಬರೆಯಿರಿ.

ಅವಸರ ಇಲ್ಲ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಕಳಿಸಿದರೂ ನಡೆಯುತ್ತದೆ. ಜಾಗ ಇಟ್ಟಿರುತ್ತೇನೆ.